ಒಂದು ಬೆರಳಿನಷ್ಟು ಓರೆ

ಜನವರಿ 8

ಭಾವನವರಿಗೆ ಸೂಜಿಯ ನಮಸ್ಕಾರ.

ಈ ಹೊಸ ಕಾರ್ಖಾನೆಗೆ ಬಂದು ಮೂರು ದಿನವಾಯಿತು. ಅಕ್ಕನೊಡನೆ ಫೋನಿನಲ್ಲಿ ಮಾತಾಡಿದೆ. ಅವಳದು "ತಿಂದ್ಯಾ, ಮಲಗಿದ್ಯಾ, ಸ್ವೆಟರ್ ಹಾಕ್ಕೊಂಡ್ಯಾ" ಅನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ನಿಮಗೆ ಫೋನು ಕೊಟ್ಟು ಪ್ರಯೋಜನವಿಲ್ಲ. ಮೂವತ್ತು ವರ್ಷ ತೊಗಲು ಒತ್ತುವ ಪ್ರೆಸ್ ಮಷೀನಿನ ಪಕ್ಕ ನಿಂತ ಕಿವಿ ನಿಮ್ಮದು. ಅದಕ್ಕೆ ಕೇಳಿಸುವ ಹಾಗೆ ನಾನು ಕೂಗಿದರೆ ಇಲ್ಲಿನ ಕಾವಲುಗಾರ ಓಡಿ ಬಂದಾನು. ಹಾಗಾಗಿ ಕಾಗದವೇ ಗತಿ.

ಒಂದು ಅನುಕೂಲ ಇದೆ. ಪ್ರತಿ ಬುಧವಾರ ಇಲ್ಲಿಂದ ನಮ್ಮ ಕಾರ್ಖಾನೆಗೆ ಮಾದರಿ ಬೂಟುಗಳ ಚೀಲ ಹೋಗುತ್ತದೆ, ಶನಿವಾರ ಅಲ್ಲಿಂದ ವಾಪಸ್ ಹೊರಡುತ್ತದೆ. ಮಾದರಿ ಕೋಣೆಯ ಬೀಗದಮ್ಮನಿಗೆ ಹೇಳಿ ಬಂದಿದ್ದೇನೆ. ಬಲಗಾಲಿನ ಬೂಟಿನೊಳಗೆ, ಲೇಸಿನ ಕೆಳಗಿನ ನಾಲಿಗೆಯ ಅಡಿ ನನ್ನ ಪತ್ರ ಇರುತ್ತದೆ. ನೀವೇ ಹೋಗಿ ಕೈ ಹಾಕಿ ತೆಗೆದುಕೊಳ್ಳಿ, ನಿಮ್ಮದನ್ನೂ ಹಾಗೇ ಇಡಿ.

ಇಲ್ಲಿ ಮಾಡುವುದು ಮಕ್ಕಳ ಕ್ಯಾನ್ವಾಸ್ ಬೂಟು ಮಾತ್ರ. ತೊಗಲಿನ ವಾಸನೆಯೇ ಇಲ್ಲ. ಹೊಸ ಮಷೀನುಗಳು, ಹೊಸ ಜನ. ಮೂರು ತಿಂಗಳು ಇದ್ದು ಎಲ್ಲ ಸರಿಯಾಗಿ ನಡೆಯುವಂತೆ ನೋಡಿಕೊಳ್ಳಬೇಕಂತೆ. ನಮ್ಮ ತೊಗಲು ಕತ್ತರಿಸುವ ಮೇಜಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಹೇಳಿ. ನನಗೊಂದು ಗಾಜಿನ ಕೋಣೆ ಕೊಟ್ಟಿದ್ದಾರೆ. ಅದರಲ್ಲಿ ಕೂತರೆ ಎಲ್ಲರೂ ಕಾಣುತ್ತಾರೆ, ಎಲ್ಲರಿಗೂ ನಾನು ಕಾಣುತ್ತೇನೆ. ಮೂಗು ಕೆರೆದುಕೊಳ್ಳುವುದಕ್ಕೂ ಯೋಚನೆ ಮಾಡಬೇಕು.

ನಿಮ್ಮ
ಸೂಜಿ


ಜನವರಿ 18

ಸೂಜಿಗೆ ಆಶೀರ್ವಾದ.

ಪತ್ರ ಸಿಕ್ಕಿತು. ಬೀಗದಮ್ಮ ಬಾಗಿಲು ತೆಗೆದು, "ಕೈ ಹಾಕಿ ತಗೊಳಿ, ನಾನೇನೂ ನೋಡಿಲ್ಲ" ಎಂದು ಗೋಡೆಗೆ ಮುಖ ಮಾಡಿ ನಿಂತಳು. ಮಗುವಿನ ಬೂಟಿನೊಳಗೆ ನನ್ನ ಕೈ ಹೋಗಬೇಕಲ್ಲ! ಎರಡು ಬೆರಳಲ್ಲಿ ಎಳೆದು ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು.

ನಿನಗೆ ಗಾಜಿನ ಕೋಣೆ ಕೊಟ್ಟ ಸುದ್ದಿಯನ್ನು ಮೇಜಿಗೆಲ್ಲ ಹೇಳಿದೆ. ಇಪ್ಪತ್ತನೇ ವಯಸ್ಸಿಗೆ ಕೈ ಹಿಡಿದು ಕರೆತಂದವನು ನಾನು, ಹೇಳಿಕೊಳ್ಳದೆ ಇರುತ್ತೇನೆಯೇ? ಮೇಜಿನಲ್ಲಿ ನಿಮಿಷ ಲೆಕ್ಕ ಹಾಕುವ ನಮ್ಮ ಗಡಿಯಾರ ಮಾತ್ರ, "ಗಾಜಿನ ಕೋಣೆ ಕೊಟ್ಟು ಎಡಚನ ಕೈಗೆ ಕತ್ತಿ ಕೊಟ್ಟಿಲ್ಲ ತಾನೇ?" ಎಂದು ಕೇಳಿದ. ಎಲ್ಲರೂ ನಕ್ಕರು. ನಿನಗೆ ನೆನಪಿದೆಯೋ ಇಲ್ಲವೋ. ನಾಲಿಗೆ ತುಂಡು ಕತ್ತರಿಸುವಾಗ ತೊಗಲಿನ ಮೇಲಿಡುವ ಅಳತೆ ಕಾರ್ಡನ್ನು ಎಡಗಾಲಿಗಾದರೆ ಒಂದು ಬೆರಳು ಎಡಕ್ಕೆ, ಬಲಗಾಲಿಗಾದರೆ ಒಂದು ಬೆರಳು ಬಲಕ್ಕೆ ಓರೆ ಮಾಡು, ಇಲ್ಲವಾದರೆ ನಡೆಯುವಾಗ ನಾಲಿಗೆ ಪಕ್ಕಕ್ಕೆ ಜಾರಿ ಪಾದ ಉಜ್ಜುತ್ತದೆ ಎಂದು ಬಾಯಿ ಬಡಿದುಕೊಂಡಿದ್ದೆ. ನೀನು ಎರಡನ್ನೂ ಎಡಕ್ಕೇ ತಿರುಗಿಸುತ್ತಿದ್ದೆ. ನೀನು ಕತ್ತಿ ಹಿಡಿದಷ್ಟು ವರ್ಷವೂ ನಿನ್ನ ಬಲಗಾಲಿನ ನಾಲಿಗೆಗಳನ್ನೆಲ್ಲ ನಾನು ಹಿಂದಿನಿಂದ ಮತ್ತೆ ಕತ್ತರಿಸಿದೆ. ಕಂಪನಿಯ ಪುಸ್ತಕದಲ್ಲಿ ಈ ಓರೆಯ ಮಾತೇ ಇಲ್ಲ, ಅದಕ್ಕೇ ಯಾರೂ ಹಿಡಿಯಲಿಲ್ಲ. ನಿನ್ನನ್ನು ಮೇಲ್ವಿಚಾರಕ ಮಾಡಿದ ದಿನ ತೊಗಲು ಬದುಕಿಕೊಂಡಿತು.

ಇಲ್ಲಿ ಗಾಳಿಸುದ್ದಿಗೆ ಬರವಿಲ್ಲ. ಹೊಸ ತೊಗಲಿನ ಕಟ್ಟುಗಳು ಕಡಿಮೆಯಾಗಿವೆ. ಮೊನ್ನೆ ಇಬ್ಬರು ಟೇಪು ಹಿಡಿದು ನಮ್ಮ ಕಾಲಡಿಯ ನೆಲವನ್ನು ಅಳೆದುಕೊಂಡು ಹೋದರು, "ಸ್ವಲ್ಪ ಕಾಲೆತ್ತಿ" ಎಂದು ನನಗೇ ಹೇಳಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಮ್ಯಾನೇಜರು ನಗುತ್ತಾ ನಮಸ್ಕಾರ ಹೇಳಿದರು. ಅಂದಿನಿಂದ ಯಾರಿಗೂ ನೆಮ್ಮದಿಯಿಲ್ಲ.

ನಿನ್ನ ಭಾವ


ಫೆಬ್ರವರಿ 5

ಭಾವನವರಿಗೆ,

ಎರಡು ಬುಧವಾರ ತಪ್ಪಿಸಿದೆ, ಕ್ಷಮಿಸಿ. ಕೆಲಸ ಮೈಮೇಲೆ ಬಿದ್ದಿದೆ.

ನೆಲ ಅಳೆದದ್ದು ಬಹುಶಃ ಬಣ್ಣ ಬಳಿಸುವುದಕ್ಕೆ ಇರಬೇಕು. ದೊಡ್ಡ ಕಂಪನಿಯಲ್ಲಿ ಯಾರೋ ಏನೋ ಅಳೆಯುತ್ತಲೇ ಇರುತ್ತಾರೆ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿನ ಜನ ಒಳ್ಳೆಯವರು. ನಲವತ್ತರ ಹತ್ತಿರದ ಒಬ್ಬ ಹೆಂಗಸು ಇದ್ದಾಳೆ. ಎಲ್ಲರೂ ಅವಳನ್ನು ಪ್ರಶ್ನೆಯಮ್ಮ ಎನ್ನುತ್ತಾರೆ. ಹೀಗೆ ಮಾಡು ಎಂದರೆ ಸಾಕು, "ಯಾಕೆ ಸಾರ್ ಹೀಗೇ?" ಎನ್ನುತ್ತಾಳೆ. ಅವಳ ಕೈ ಚೆನ್ನಾಗಿದೆ. ಹೇಳಿದ್ದನ್ನು ಎರಡನೇ ಸಲಕ್ಕೆ ಹಿಡಿಯುತ್ತಾಳೆ. ನೋಡಿದರೆ ನಿಮಗೆ ಇಷ್ಟವಾಗುತ್ತಿದ್ದಳು. ನಾನು ಅವಳ ವಯಸ್ಸಿನವನೇ. ಆದರೂ ಸಾರ್ ಎನ್ನುವಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ.

ಅಕ್ಕನಿಗೆ ಹೇಳಿ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ.

ಸೂಜಿ


ಫೆಬ್ರವರಿ 22

ಸೂಜಿಗೆ,

ಈ ಸಲ ತಮಾಷೆ ಇಲ್ಲ. ಕೂತು ಓದು.

ದೊಡ್ಡಾಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ, ನೀನು ನೋಡಿರಬಹುದು. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ತಿರುಚಿಕೊಂಡವರಿಗೆ, ಬೆರಳು ಹೋದವರಿಗೆ ಅಳತೆ ತೆಗೆದು ಬೂಟು ಮಾಡುತ್ತಾರೆ. ಅಲ್ಲಿನ ಯಜಮಾನಿ ನಮ್ಮ ಮನೆಗೆ ಬಂದಿದ್ದರು. ಅವರ ಕತ್ತರಿಸುವ ಕೆಲಸದವನಿಗೆ ಕಣ್ಣು ಮಂಜಾಗಿದೆಯಂತೆ. "ನಿಮ್ಮ ಕೈ ಬೇಕು" ಎಂದರು. ಐವತ್ತಾರು ವರ್ಷದವನ ಹತ್ತಿರ ಬಂದು ಯಾರಾದರೂ ಹಾಗೆ ಹೇಳುತ್ತಾರೆಯೇ? ಅವರು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಕೈಗಳನ್ನೇ ನೋಡುತ್ತಾ ಕೂತಿದ್ದೆ. ನಿನ್ನ ಅಕ್ಕ ನಕ್ಕಳು.

ಮಾರ್ಚ್ 17ರ ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಇನ್ನೊಂದು ಸಲ ನನ್ನನ್ನು ಯಾರೂ ಕರೆಯುವುದಿಲ್ಲ, ಅದು ನನಗೆ ಗೊತ್ತು.

ಮೇಜು ಉಳಿಯುವುದಾದರೆ ಬಿಟ್ಟು ಹೋಗಲು ಮನಸ್ಸಿಲ್ಲ. ನನ್ನನ್ನೂ ಸೇರಿಸಿ ಹದಿನಾಲ್ಕು ಜನ, ಅರ್ಧಕ್ಕರ್ಧ ನಾನೇ ಕಲಿಸಿದವರು. ಮೇಜು ಹೋಗುವುದಾದರೆ ಈಗಲೇ ಎದ್ದು ಹೋಗಬೇಕು. ಇಲ್ಲಿ ಯಾರನ್ನು ಕೇಳಿದರೂ ಹಲ್ಲು ಕಿರಿಯುತ್ತಾರೆ. ನೀನು ದೊಡ್ಡವರ ನಡುವೆ ಓಡಾಡುವವನು. ನಿನಗೆ ಏನಾದರೂ ತಿಳಿದಿದ್ದರೆ ಒಂದು ಮಾತು ಬರೆ. ಕಾರಣ ಬೇಡ, ವಿವರ ಬೇಡ. ಹೋಗು ಎನ್ನು, ಇಲ್ಲವೇ ಇರು ಎನ್ನು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಭಾವ


ಮಾರ್ಚ್ 5

ಭಾವನವರಿಗೆ,

ನಿಮ್ಮ ಪತ್ರ ತಡವಾಗಿ ಕೈಗೆ ಬಂತು. ಹೋದ ಬುಧವಾರ ಬರೆಯಲಾಗಲಿಲ್ಲ, ಕೆಮ್ಮು. ಈಗ ವಾಸಿ. ಚೀಲ ಹೊಲಿಯಲು ಬಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀವು ಕೇಳಿದ ವಿಷಯ ವಿಚಾರಿಸಿ ಬರೆಯುತ್ತೇನೆ. ಇಲ್ಲಿ ಗಾಳಿ ಜೋರು. ಅಕ್ಕನ ಮಂಡಿನೋವು ಹೇಗಿದೆ?

ಸೂಜಿ


ಮಾರ್ಚ್ 8

ಮಂಡಿ ಹಾಗೇ ಇದೆ. ಇನ್ನು ಒಂಬತ್ತು ದಿನ ಇದೆ. ಹೋಗಲೋ, ಇರಲೋ?

ಭಾವ


ಮಾರ್ಚ್ 12

ಭಾವನವರಿಗೆ,

ವಿಚಾರಿಸಿದೆ. ಆತುರ ಬೇಡ.

ನಮ್ಮ ಮೇಜಿನ ಬಗ್ಗೆ ಇಲ್ಲಿ ಎಲ್ಲರಿಗೂ ಗೌರವ ಇದೆ. ದೊಡ್ಡವರ ಬೂಟು ಎಂದರೆ ಅಲ್ಲಿಯದೇ ಎನ್ನುತ್ತಾರೆ. ಮೂವತ್ತು ವರ್ಷ ಕಟ್ಟಿದ್ದನ್ನು ಗಾಳಿಸುದ್ದಿಗೆ ಹೆದರಿ ಬಿಟ್ಟು ಓಣಿಯ ವರ್ಕ್‌ಶಾಪಿಗೆ ಹೋಗುವ ಅಗತ್ಯ ನನಗೇನೂ ಕಾಣುವುದಿಲ್ಲ. ಇರಿ. ಮುಂದೇನಾದರೂ ಇದ್ದರೆ ನಾನಿಲ್ಲವೇ?

ಈ ಸಲ ಮಕ್ಕಳ ಬೂಟು ಸಿದ್ಧವಾಗಿಲ್ಲ. ಹೋಲಿಸಿ ನೋಡಲೆಂದು ನಾನು ಬರುವಾಗ ತಂದಿದ್ದ ನಮ್ಮದೇ ಒಂದು ಜೋಡಿ ವಾಪಸ್ ಹೋಗುತ್ತಿದೆ. ಪತ್ರವನ್ನು ಅದರಲ್ಲೇ ಇಟ್ಟಿದ್ದೇನೆ. ನಿಮ್ಮ ಕೈ ಸಲೀಸಾಗಿ ಹೋಗುತ್ತದೆ.

ಸೂಜಿ


ಮಾರ್ಚ್ 22

ಸೂಜಿಗೆ,

ಪತ್ರ ಸಿಕ್ಕಿತು. ಬೂಟೂ ಸಿಕ್ಕಿತು. ಹೊಲಿಗೆ ಚೆನ್ನಾಗಿದೆ.

ಸೋಮವಾರ ಹೋಗಿ ಯಜಮಾನಿಗೆ ಬರುವುದಿಲ್ಲ ಎಂದು ಹೇಳಿ ಬಂದೆ. ಅವರು ಒತ್ತಾಯ ಮಾಡಲಿಲ್ಲ. ನಿನ್ನ ಪತ್ರವನ್ನು ಊಟದ ವಿರಾಮದಲ್ಲಿ ಮೇಜಿಗೆಲ್ಲ ಓದಿ ಹೇಳಿದೆ.

ಭಾವ


ಏಪ್ರಿಲ್ 30

ತಮ್ಮಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ "ಮೀಟಿಂಗ್ ಅಕ್ಕಾ" ಎನ್ನುತ್ತೀಯ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ನೋಟಿಸು ಹಚ್ಚಿದ್ದಾರೆ. ಕತ್ತರಿಸುವ ವಿಭಾಗ, ಹೊಲಿಯುವ ವಿಭಾಗ ಎರಡೂ ಪೂರ್ತಿ ಬಂದ್. ತೊಗಲಿನ ಕೆಲಸವೆಲ್ಲ ಬೇರೆ ಊರಿನ ಹೊಸ ಕಾರ್ಖಾನೆಗೆ ಎಂದು ಬರೆದಿದೆಯಂತೆ. ಹತ್ತು ಗಂಟೆಗೆ ಇವರು ಮನೆಗೆ ಬಂದರು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಏಪ್ರನ್. "ಏನ್ರೀ ಇಷ್ಟು ಬೇಗ?" ಎಂದೆ. ಮನೆಯಲ್ಲಿದ್ದ ಚಪ್ಪಲಿ ಬೂಟುಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟುಕೊಂಡು ಪಾಲಿಶ್ ಮಾಡುತ್ತಾ ಕೂತರು. ಮೂರು ದಿನದಿಂದ ಅದೇ. ಪಕ್ಕದ ಮನೆಯವರದ್ದೂ ಮುಗಿಯಿತು.

ನಿನಗೆ ಬರೆಯಿರಿ ಎಂದರೆ, "ಅವನಿಗೆ ಗೊತ್ತಿರುತ್ತೆ ಬಿಡು" ಎನ್ನುತ್ತಾರೆ. ಹಾಗೆಂದರೇನು? ನಿನ್ನನ್ನೂ ಮನೆಗೆ ಕಳಿಸುತ್ತಾರೇನೋ ಎಂದು ನನಗೆ ಚಿಂತೆ ಹತ್ತಿದೆ. ಕಳಿಸಿದರೆ ಕಳಿಸಲಿ, ನೇರ ಇಲ್ಲಿಗೆ ಬಾ. ನಿನ್ನ ಮಂಚ ಹಾಗೇ ಇದೆ.

ಗಡಿಯಾರನ ಹೆಂಡತಿ ಅಂಗಡಿಯಲ್ಲಿ ಎಲ್ಲರೆದುರು ಕೇಳಿದಳು, "ನಿಮ್ಮ ತಮ್ಮನಿಗೆ ಮೊದಲೇ ಗೊತ್ತಿತ್ತಂತಲ್ಲ?" ಅಂತ. ನಾನು ಅವಳ ಬಾಯಿ ಮುಚ್ಚಿಸಿ ಬಂದೆ. ನನ್ನ ತಮ್ಮ ಅಂಥವನಲ್ಲ ಎಂದೆ. ಗೊತ್ತಿರಲಿಲ್ಲ ಅಲ್ಲವೇ? ಗೊತ್ತಿರಲಿಲ್ಲ ಎಂದು ಒಂದು ಸಾಲು ಬರೆ ಸಾಕು. ನಾನು ನಂಬುತ್ತೇನೆ.

ಅಕ್ಕ


ಮೇ 9

ಭಾವನವರಿಗೆ,

ಅಕ್ಕನ ಪತ್ರ ಬಂತು. ಅವಳು ಕೇಳಿದ ಸಾಲನ್ನು ಬರೆಯಲು ಕೂತೆ. ಬರೆದೂ ಬಿಟ್ಟೆ. ಆಮೇಲೆ ಹರಿದು ಹಾಕಿ ನಿಮಗೆ ಬರೆಯುತ್ತಿದ್ದೇನೆ. ಅವಳಿಗೆ ಓದಿ ಹೇಳಿ. ನನ್ನ ಬಾಯಿಂದ ಹೇಳುವ ಧೈರ್ಯ ಇಲ್ಲ.

ನನಗೆ ಗೊತ್ತಿತ್ತು. ಡಿಸೆಂಬರಿನಲ್ಲೇ ಮ್ಯಾನೇಜರು ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದರು. "ನಿಮ್ಮ ವಿಭಾಗದಲ್ಲಿ ಒಬ್ಬರನ್ನ ಉಳಿಸ್ಕೊಳ್ತೀವಿ, ಅದು ನೀವು. ನೋಟಿಸ್ ಹಚ್ಚೋವರೆಗೂ ಹೊರಗೆ ಒಂದು ಮಾತು ಹೋಗಬಾರದು" ಎಂದರು. ನಾನು ಹೂಂ ಎಂದೆ. ಯೋಚನೆ ಮಾಡುತ್ತೇನೆ ಎಂದೂ ಹೇಳಲಿಲ್ಲ ಭಾವ. ಅವರು ಮಾತು ಮುಗಿಸುವ ಮೊದಲೇ ಹೂಂ ಎಂದೆ.

ಇಲ್ಲಿ ಮಕ್ಕಳ ಬೂಟು ಮಾಡುವುದು ಒಂದು ಮೂಲೆಯಲ್ಲಿ. ಉಳಿದ ಜಾಗವೆಲ್ಲ ತೊಗಲಿನ ಮೇಜುಗಳು. ಬಂದ ದಿನವೇ ಆ ವಾಸನೆ ಮೂಗಿಗೆ ಹೊಡೆಯಿತು, ಮನೆಗೆ ಬಂದ ಹಾಗಾಯಿತು. ನಿಮ್ಮಿಂದ ಕಲಿತದ್ದೆಲ್ಲವನ್ನೂ ಒಂದೊಂದಾಗಿ ಇವರಿಗೆ ಹೇಳಿಕೊಟ್ಟೆ. ತೊಗಲಿನ ಹೊಟ್ಟೆಯ ಭಾಗ ಯಾವುದು, ಬೆನ್ನಿನ ಭಾಗ ಯಾವುದು, ಕಣ್ಣು ಮುಚ್ಚಿ ಬೆರಳಾಡಿಸಿ ಹೇಗೆ ತಿಳಿಯುವುದು, ಎಲ್ಲ. ಇದನ್ನೆಲ್ಲ ಯಾರು ಕಂಡುಹಿಡಿದದ್ದು ಎಂದು ಪ್ರಶ್ನೆಯಮ್ಮ ಕೇಳಿದಾಗ, ಅಲ್ಲಿ ಹಿಂದಿನಿಂದ ಬಂದ ಪದ್ಧತಿ ಎಂದೆ. ನಿಮ್ಮ ಸುದ್ದಿ ಎತ್ತಲಿಲ್ಲ.

ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬರೆದರೆ ಅದು ಅರ್ಧ ಮಾತ್ರ ನಿಜ. ನನಗೆ ಹೆಂಡತಿ ಮಕ್ಕಳಿಲ್ಲ. ಕೆಲಸ ಹೋದರೆ ಹಸಿದು ಸಾಯುತ್ತಿರಲಿಲ್ಲ, ನಿಮ್ಮ ಮನೆಯ ಮಂಚ ಇತ್ತು. ಈ ಗಾಜಿನ ಕೋಣೆ ನನಗೆ ಇಷ್ಟವಾಯಿತು. ನಾನು ನಡೆದು ಹೋದರೆ ಮೇಜಿನವರು ಬೆನ್ನು ನೆಟ್ಟಗೆ ಮಾಡುವುದು ಇಷ್ಟವಾಯಿತು. ಇಪ್ಪತ್ತು ವರ್ಷ ಎಲ್ಲರ ಬಾಯಲ್ಲಿ ನಾನು ನಿಮ್ಮ ಬಾಮೈದ, ಎಡಚ ಸೂಜಿ. ಇಲ್ಲಿ ಸಾರ್. ಇದನ್ನು ಬರೆಯುವಾಗ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಸುತ್ತ ಗಾಜು ಬೇರೆ.

ಫೆಬ್ರವರಿ 26ರ ಬುಧವಾರ ನನಗೆ ಕೆಮ್ಮು ಇರಲಿಲ್ಲ. ಅಂದು "ಹೋಗಿ" ಎಂದು ಬರೆದೆ. ಅದೊಂದೇ ಮಾತು. ಮಡಚಿ ನಾಲಿಗೆಯ ಅಡಿ ಇಟ್ಟು, ಬೂಟನ್ನು ಚೀಲಕ್ಕೆ ಹಾಕಿದೆ. ಹೊಲಿಯುವವನು ಸೂಜಿಗೆ ದಾರ ಪೋಣಿಸುತ್ತಿದ್ದಾಗ, "ಒಂದು ನಿಮಿಷ, ಏನೋ ಮರೆತೆ" ಎಂದು ಕೈ ಹಾಕಿ ತೆಗೆದುಕೊಂಡೆ. ಆ ಚೀಟಿ ಈಗಲೂ ನನ್ನ ಡ್ರಾಯರಿನಲ್ಲಿದೆ. ದಿನಾ ಡ್ರಾಯರು ತೆಗೆಯುತ್ತೇನೆ, ಮುಚ್ಚುತ್ತೇನೆ. ಮಾರ್ಚ್ 12ರಂದು ನಿಮಗೆ ಕಳಿಸಿದ್ದು ಅದಕ್ಕೆ ತದ್ವಿರುದ್ಧವಾದದ್ದು.

ಮೊನ್ನೆ ಪ್ರಶ್ನೆಯಮ್ಮ ಕೋಣೆಗೆ ಬಂದು, "ಸಾರ್, ನಾಳೆ ಇದನ್ನ ಇಲ್ಲಿಂದಾನೂ ಎತ್ಕೊಂಡು ಬೇರೆ ಕಡೆ ಹೋಗ್ತಾರಾ?" ಎಂದು ಕೇಳಿದಳು. ನಾನು ಏನು ಹೇಳಿದೆ ಗೊತ್ತೇ? "ಆತುರ ಬೇಡಮ್ಮ" ಎಂದೆ.

ಕ್ಷಮೆ ಕೇಳಲು ನನಗೆ ಯೋಗ್ಯತೆ ಇಲ್ಲ. ಒಂದೇ ಕೇಳುತ್ತೇನೆ. ಇದನ್ನು ಬಿಟ್ಟು ಬಂದುಬಿಡಲೇ? ನೀವು ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಇರುತ್ತೇನೆ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಸೂಜಿ


ಮೇ 24

ಸೂಜಿಗೆ,

ಪತ್ರವನ್ನು ನಿನ್ನ ಅಕ್ಕನಿಗೆ ಓದಿ ಹೇಳಿದೆ. ಅರ್ಧಕ್ಕೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆಮೇಲೆ ಬಂದು, "ಉಳಿದದ್ದನ್ನೂ ಓದಿ" ಎಂದಳು. ಅವಳು ಸದ್ಯಕ್ಕೆ ನಿನಗೆ ಬರೆಯುವುದಿಲ್ಲ. ಬರೆಯುವಾಗ ಬರೆಯುತ್ತಾಳೆ.

ಈಗ ನನ್ನದನ್ನು ಕೇಳು.

ಮಾರ್ಚ್ 14ರ ಶುಕ್ರವಾರ ಬೀಗದಮ್ಮ ಕರೆದಳು. ದೊಡ್ಡವರ ಬೂಟು, ಬಲಗಾಲು. ಕೈ ಹಾಕಿದೆ. ಪತ್ರಕ್ಕಿಂತ ಮೊದಲು ನಾಲಿಗೆ ಕೈಗೆ ಸಿಕ್ಕಿತು. ಒಂದು ಬೆರಳು ಎಡಕ್ಕೆ ಓರೆ. ಬೆಳಕಿಗೆ ಹಿಡಿದು ನೋಡುವುದೂ ಬೇಕಾಗಲಿಲ್ಲ. ಎಡಗಾಲಿನದಕ್ಕೂ ಕೈ ಹಾಕಿದೆ, ಅದೂ ಎಡಕ್ಕೇ. ನಮ್ಮ ಕಾರ್ಖಾನೆಯದೇ ಜೋಡಿ ಎಂದು ಬರೆದಿದ್ದೆಯಲ್ಲ, ನಮ್ಮ ಮೇಜಿನಿಂದ ಅಂಥ ನಾಲಿಗೆ ಯಾವತ್ತಾದರೂ ಹೊರಗೆ ಹೋಗಿದೆಯೇ? ನೀನು ಕತ್ತಿ ಹಿಡಿಯುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಈ ಓರೆ ಗೊತ್ತಿರುವವರು ನನ್ನ ಮೇಜಿನವರು, ಇಲ್ಲವೇ ನೀನು ಹೇಳಿಕೊಟ್ಟವರು. ಎರಡನ್ನೂ ಎಡಕ್ಕೆ ಓರೆ ಮಾಡುವ ಕೈ ಭೂಮಿಯ ಮೇಲೆ ಒಂದೇ ಇತ್ತು, ಈಗ ಅದರ ಶಿಷ್ಯರು ಹುಟ್ಟಿಕೊಂಡಿದ್ದಾರೆ ಎಂದು ಅಲ್ಲೇ ತಿಳಿಯಿತು. ಎಲ್ಲ ಅಲ್ಲಿಗೆ ಹೋಗುತ್ತಿದೆ ಎಂದೂ ತಿಳಿಯಿತು.

ಆಮೇಲೆ ಪತ್ರ ಬಿಚ್ಚಿದೆ. ಇರಿ ಎಂದಿತ್ತು.

ಇನ್ನೂ ಮೂರು ದಿನ ಇತ್ತು. ಯಜಮಾನಿಯ ಬಳಿ ಹೋಗಿ, ಕೆಲಸಕ್ಕೆ ಬರುತ್ತೇನೆ ಎಂದಿದ್ದರೆ ಮುಗಿದಿತ್ತು. ನಾನು ಹೋಗಿ, ಬರುವುದಿಲ್ಲ ಎಂದೆ. ಯಾಕೆಂದು ನಿನ್ನ ಅಕ್ಕ ನಿನ್ನೆಯಿಂದ ಕೇಳುತ್ತಿದ್ದಾಳೆ. ವರ್ಕ್‌ಶಾಪಿಗೆ ಹೋದರೆ ನೀನು ಸುಳ್ಳು ಬರೆದೆ ಎಂದು ನಾನು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಕೈ ತಪ್ಪಿರಬಹುದು, ವಯಸ್ಸಾಯಿತು ಎಂದುಕೊಂಡೆ. ಮೂವತ್ತು ವರ್ಷದಲ್ಲಿ ಈ ಕೈ ತಪ್ಪಿದ್ದು ನೆನಪಿಲ್ಲ.

ಅದು ನನ್ನ ಮಟ್ಟಿಗೆ ಆಯಿತು, ಹೋಗಲಿ. ಆದರೆ ಮರುದಿನ ಊಟದ ವಿರಾಮದಲ್ಲಿ ನಿನ್ನ ಪತ್ರವನ್ನು ಎದ್ದು ನಿಂತು ಜೋರಾಗಿ ಓದಿದೆನಲ್ಲ, ಅದನ್ನು ಯಾರ ತಲೆಗೆ ಕಟ್ಟಲಿ? "ನಮ್ಮ ಸೂಜಿ ಬರೆದಿದಾನೆ, ಏನೂ ಆಗಲ್ಲ" ಎಂದೆ. ಬೂಟಿನ ವಿಷಯ ಬಾಯಿ ಬಿಡಲಿಲ್ಲ. ಗಡಿಯಾರನಿಗೆ ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಕೆಲಸಕ್ಕೆ ಕರೆ ಬಂದಿತ್ತು. ಆ ಕಾಗದವನ್ನು ನನ್ನೆದುರೇ ಹರಿದು ಊಟದ ಡಬ್ಬಿಗೆ ಹಾಕಿ ಮುಚ್ಚಿದ. ನಾನು ಅವನ ಬೆನ್ನು ತಟ್ಟಿದೆ. ಸುಳ್ಳು ಬರೆದವನು ನೀನು. ಸುಳ್ಳೆಂದು ಗೊತ್ತಿದ್ದೂ ಹದಿಮೂರು ಜನಕ್ಕೆ ಓದಿ ಹೇಳಿದವನು ನಾನು. ನಿನ್ನ ಮಾನ ಉಳಿಸಲು ಓದಿದೆನೋ, ನಿನ್ನನ್ನು ಬೆಳೆಸಿದ ನನ್ನ ಮಾನ ಉಳಿಸಲು ಓದಿದೆನೋ, ಪಾಲಿಶ್ ಮಾಡುತ್ತಾ ಅದನ್ನೇ ಯೋಚಿಸುತ್ತಿರುತ್ತೇನೆ. ಮೊನ್ನೆ ಗಡಿಯಾರ ಎದುರಿಗೆ ಬಂದ. ನಾನು ರಸ್ತೆ ದಾಟಿ ಆ ಕಡೆಯಿಂದ ನಡೆದೆ. ಅವನಿಗೆ ಇನ್ನೂ ನಿನ್ನ ಮೇಲೆ ಮಾತ್ರ ಕೋಪ. ಇಂದು ಸಂಜೆ ಅವನ ಮನೆಗೆ ಹೋಗಿ ನನ್ನದನ್ನೂ ಹೇಳಿ ಬರಬೇಕು. ಅದಕ್ಕೆ ಮೊದಲು ನಿನಗೆ ಬರೆದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದುಕೋ.

ವರ್ಕ್‌ಶಾಪಿಗೂ ಹೋಗಿದ್ದೆ. ಬೇರೆಯವರು ಬಂದಿದ್ದಾರೆ. ಯಜಮಾನಿ ಕುರ್ಚಿ ಕೊಟ್ಟು ಕೂರಿಸಿ ಚಹಾ ಕೊಟ್ಟರು, ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಬಿಟ್ಟು ಬರಲೇ ಎಂದು ನನ್ನನ್ನು ಕೇಳಬೇಡ. ಹೋಗಲೋ ಇರಲೋ ಎಂದು ನಾನು ನಿನ್ನನ್ನು ಕೇಳಿ ಏನಾಯಿತೆಂದು ನೋಡಿದೆಯಲ್ಲ. ಅದನ್ನು ನೀನೇ ನಿರ್ಧರಿಸು.

ಆದರೆ ಅಲ್ಲಿರುವಷ್ಟು ದಿನ ಒಂದು ಕೆಲಸ ಮಾಡು. ಆ ಪ್ರಶ್ನೆಯಮ್ಮನನ್ನು ಕರೆದು, ಕಾರ್ಡನ್ನು ಎಡಗಾಲಿಗೆ ಎಡಕ್ಕೆ, ಬಲಗಾಲಿಗೆ ಬಲಕ್ಕೆ ತಿರುಗಿಸಬೇಕು, ಇಷ್ಟು ದಿನ ನಾನೇ ತಪ್ಪು ಹೇಳಿಕೊಟ್ಟೆ ಎಂದು ಹೇಳು. ಯಾಕೆ ಎಂದು ಕೇಳುತ್ತಾಳೆ. ಕಾರಣ ನಿನಗೆ ಗೊತ್ತಿದೆ, ಪೂರ್ತಿ ಹೇಳು. ಹಾಗೇ ಬಿಟ್ಟರೆ ಅಲ್ಲಿಂದ ಹೊರಡುವ ಪ್ರತಿ ಜೋಡಿಯಲ್ಲೂ ಬಲಗಾಲು ಉಜ್ಜುತ್ತದೆ. ಹಾಕಿಕೊಂಡು ನಡೆಯುವವರು ನಮಗೇನು ಮಾಡಿದ್ದಾರೆ?

ನಿನ್ನ ಭಾವ